ಪಕ್ಕದ ಸೀಟು

ಕೈ ಕಾಣುತ್ತಿದೆ, ಬರೀ ಕೈ, ಮೇಲಿನ ಕಂಬಿ ಹಿಡಿದದ್ದು, ನಡುವೆ ಯಾರದೋ ಬ್ಯಾಗು, ಯಾರದೋ ಸೆರಗು, ಅದರಾಚೆ ಅಬ್ಬಾನ ಮುಖ ಇರಬೇಕು, ಕಾಣದಿರುವುದೇ ಒಳ್ಳೆಯದಾಯಿತು — ಮೊಣಕೈತನಕ ಒಂದು ಕೂದಲಿಲ್ಲ ಆ ಕೈಗೆ, ಮಂಡಕ್ಕಿ ಭಟ್ಟಿಯ ಕಾವಿಗೆ ಸುಟ್ಟು ನುಣ್ಣಗಾದದ್ದು, ಚಿಕ್ಕವಳಿದ್ದಾಗ ಎಲ್ಲ ಮಕ್ಕಳ ಅಪ್ಪಂದಿರ ಕೈಯೂ ಹೀಗೇ ಇರುತ್ತದೆ ಅಂದುಕೊಂಡಿದ್ದೆ. ಬಸ್ಸು ಹರಿಹರ ಬಿಟ್ಟಿತು, ಇನ್ನು ದಾವಣಗೆರೆತನಕ ಅವರು ನಿಂತೇ ಬರಬೇಕು, ಮಂಡಿ ನೋವಿನವರು, ನಾನು ಕಿಟಕಿ ಪಕ್ಕ ರಾಣಿಯ ಹಾಗೆ ಕೂತಿದ್ದೇನೆ, ನನ್ನ ಹಿಂದಿನ ಸೀಟಿನಲ್ಲಿ ಸಾಹೇಬರು, ಅಂಜನಕುಮಾರ್ ಸಾಹೇಬರು, ಸಬ್ಸಿಡಿ ಕೊಡಬಹುದೋ ಇಲ್ಲವೋ ಎಂದು ಈಗಷ್ಟೇ ನನ್ನ ಶೆಡ್ಡು ನೋಡಿದವರು, ಜೀಪಿನಲ್ಲಿ ಬರುತ್ತಾರೆ ಅಂದುಕೊಂಡಿದ್ದೆ, ಎಲ್ಲ ಬಿಟ್ಟು ಇದೇ ಬಸ್ಸು ಹತ್ತಬೇಕೆ. ಏನಮ್ಮ ಫಿರ್ದೌಸ್, ದಾವಣಗೆರೆಗೇನು. ಹೌದು ಸರ್, ತವರಿಗೆ. ತವರಿಗೆ ಅಂದೆ, ತವರು ಅಲ್ಲೇ ಕಂಬಿ ಹಿಡಿದು ನಿಂತಿತ್ತು, ಹಲ್ಲು ಬಿಟ್ಟುಕೊಂಡು ಅಂದೆ.

ಇದೆಲ್ಲ ಆ ಬಕ್ಕೇಶನ ಮಾತು ಕೇಳಿ, ಅಲ್ಲ, ಅವನ ಮೇಲೆ ಯಾಕೆ ಹಾಕಲಿ, ಅವನು ಸಾಹೇಬರ ಆಫೀಸಿನೆದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಊರಿನವರಿಗೆಲ್ಲ ಅರ್ಜಿ ತುಂಬಿಕೊಡುವವ, ಅಕ್ಕ, ಹೊಸಬರಿಗಷ್ಟೇ ಕೊಡೋದು, ಅಪ್ಪಂದು ಭಟ್ಟಿ ಐತೆ ಅಂತ ಬಾಯಿ ಬಿಟ್ರೆ ಇದು ಹಳೇದೇ ಅಂತ ಬರೆದು ಬಿಸಾಕ್ತಾರ ನೋಡ್ರಿ, ಅಂದ. ಅಪ್ಪನ ಭಟ್ಟಿಯ ಸುದ್ದಿ ಎತ್ತಬೇಡ ಅಂದನೇ ಹೊರತು ಅಪ್ಪನೇ ಅಲ್ಲ ಅನ್ನು ಎಂದು ಅವನೇನೂ ಹೇಳಿಕೊಟ್ಟಿರಲಿಲ್ಲ, ಅದು ನನ್ನದೇ ಬುದ್ಧಿ. ಸಬ್ಸಿಡಿ ಬರದಿದ್ದರೆ ಡೀಲರ್ ಬಂದು ಸಾಲಕ್ಕೆ ಕೊಟ್ಟ ಹುರಿಯುವ ಮಷಿನ್ ಹೊತ್ತುಕೊಂಡು ಹೋಗುತ್ತಾನೆ, ಹೊಗೆಯಿಲ್ಲದ ಮಂಡಕ್ಕಿ, ಪ್ಯಾಕೆಟ್ಟಿನ ಮೇಲೆ ನನ್ನ ಹೆಸರು, ಎಲ್ಲ ಹೋಗುತ್ತದೆ, ಅದಕ್ಕೇ ಅಬ್ಬಾಗೆ ಇವತ್ತು ಬರಬೇಡಿ ಅಂತ ಫೋನಿನಲ್ಲಿ ಹೇಳಿದ್ದೆ, ಕೇಳುವ ಜೀವವೇ ಅದು, ಬೆಳಿಗ್ಗೆ ನೋಡಿದರೆ ಉಪ್ಪುನೀರು ಹಾಕಿ ಒಣಗಿಸಿದ ಅಕ್ಕಿಯ ಚೀಲ ಹೊತ್ತು ಶೆಡ್ಡಿನ ಬಾಗಿಲಲ್ಲಿ, ಮೊದಲ ಹಿಡಿ ನಾನು ಹಾಕಬೇಕು ಬೇಟಾ, ನಮ್ಮ ಭಟ್ಟೀಲಿ ನಮ್ಮ ಅಬ್ಬಾ ಹಾಕಿದ್ರು, ಬಿಸ್ಮಿಲ್ಲಾ ಅಂದು ಹಿರಿಯರೇ ಹಾಕ್ಬೇಕು. ಹಾಕಿ ಬೇಗ ಹೋಗಿಬಿಡಿ ಅನ್ನುವಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು, ಅಬ್ಬಾನ ಮುಷ್ಟಿಯಲ್ಲಿ ಅಕ್ಕಿ, ಇವರ್ಯಾರಮ್ಮ.

ಕೆಲಸದವರು ಸರ್. ಎಷ್ಟು ಸಲೀಸಾಗಿ ಬಂತು, ತಡವರಿಸಲೂ ಇಲ್ಲ, ತಡವರಿಸಿದ್ದರೆ ಈಗ ನನ್ನ ಬಗ್ಗೆ ನನಗೆ ಒಂದಿಷ್ಟು ಮರ್ಯಾದೆ ಉಳಿಯುತ್ತಿತ್ತು. ಅಬ್ಬಾ ನನ್ನನ್ನು ನೋಡಿದರು, ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು, ಹೌದ್ರಿ ಸಾಹೇಬ್ರೆ, ಮೇಡಂ ಹತ್ರ ಹೊಸದಾಗಿ ಸೇರೀನಿ. ಮೇಡಂ. ಮಂಡಿಪೇಟೆಯಲ್ಲಿ ಖಲೀಲ್ ಸಾಹೇಬರ ಮಂಡಕ್ಕಿ ಅಂದರೆ ಚೀಲ ಬಿಚ್ಚಿ ನೋಡದೆ ಇಳಿಸಿಕೊಳ್ಳುತ್ತಾರೆ, ಆ ಖಲೀಲ್ ಸಾಹೇಬರು ಟವೆಲ್ ಕಂಕುಳಲ್ಲಿಟ್ಟು ನಿಂತಿದ್ದರು, ಅಂಜನಕುಮಾರ್ ಸಾಹೇಬರು ಮೊಬೈಲ್ ಎತ್ತಿದರು, ಫೋಟೋದಲ್ಲಿ ಮಾಲೀಕರಷ್ಟೇ ಇರ್ಲಿ, ನೀವೊಂಚೂರು ಆಕಡೆ ನಿಲ್ರಿ ಯಜಮಾನ್ರೆ, ನಿಂತರು, ಅಕ್ಕಿ ನೀವು ಹಾಕ್ರಮ್ಮ, ಆಗ ಆ ನುಣ್ಣನೆಯ ಕೈ ಮುಂದೆ ಬಂತು, ನೀವೇ ಹಾಕ್ರಿ ಮೇಡಂ ಅಂತ ಮುಷ್ಟಿಯೊಳಗಿದ್ದದ್ದನ್ನು ನನ್ನ ಬೊಗಸೆಗೆ ಸುರಿದರು, ಅಕ್ಕಿ ಬೆಚ್ಚಗಿತ್ತು, ಅಷ್ಟು ಹೊತ್ತು ಹಿಡಿದಿದ್ದರು. ಬಿಸ್ಮಿಲ್ಲಾ ಅನ್ನಲು ನನಗೆ ಬಾಯಿ ಬರಲಿಲ್ಲ, ಫೋಟೋಗೆ ನಕ್ಕೆ.

ಪಕ್ಕದಲ್ಲಿದ್ದ ಹೆಂಗಸು ಇಳಿದಳು, ಸೀಟು ಖಾಲಿ, ಜನ ಸರಿದರು, ಈಗ ಮುಖ ಕಾಣುತ್ತಿದೆ, ಅವರು ಸೀಟು ನೋಡುತ್ತಾರೆ, ನನ್ನನ್ನು ನೋಡುವುದಿಲ್ಲ. ಬುರ್ಖಾ ತೊಟ್ಟ ನನ್ನಂಥವಳ ಪಕ್ಕ ಹೊರಗಿನ ಗಂಡಸು ಕೂರುವುದಿಲ್ಲ, ಕೂತರೆ ಮನೆಯವನೇ ಎಂದು ಸಾಹೇಬರಿಗೆ ತಿಳಿಯುತ್ತದೆ, ಅಬ್ಬಾಗೂ ಅದು ಗೊತ್ತು, ಅದಕ್ಕೇ ಕಾಲು ಬದಲಿಸಿ ನಿಂತರು, ನಾನೇ ಎದ್ದು ಕೊಡಲೇ, ಮಾಲಕಿ ಎದ್ದು ಕೆಲಸದವನಿಗೆ ಸೀಟು ಬಿಟ್ಟುಕೊಡುತ್ತಾಳೆಯೇ, ವಯಸ್ಸಾದವರು ಅಂತ ಬಿಟ್ಟುಕೊಡಬಹುದಲ್ಲ, ಯಾರು ಬೇಡ ಅನ್ನುತ್ತಾರೆ, ಏಳು, ಏಳು — ಹಿಂದಿನಿಂದ ಸಾಹೇಬರ ದನಿ, ಒಂದು ಮಾತು ಹೇಳ್ತೀನಿ ಕೇಳಮ್ಮ, ಮನೇಲಿ ಈ ಕಸುಬು ಇದ್ದೋರಿಗೆ ನಾನು ಮೊದಲು ಬರೀತೀನಿ, ಕೈಗೆ ಬಂದಿರುತ್ತಲ್ಲ, ಅಂಥವರು ಅರ್ಧಕ್ಕೆ ಮುಚ್ಚಲ್ಲ, ನಿಮಗೆ ಅದಿಲ್ಲ, ಆದರೂ ಒಳ್ಳೆ ಕೆಲಸದವರು ಸಿಕ್ಕಿದಾರೆ, ಬಿಡ್ಬ್ಯಾಡ್ರಿ ಅವರನ್ನ, ಬರೆದು ಕಳಿಸ್ತೀನಿ. ಥ್ಯಾಂಕ್ಸ್ ಸರ್. ಥ್ಯಾಂಕ್ಸ್ ಅಂದೆ, ಈಗಲಾದರೂ ಸರ್ ಇವರು ನಮ್ಮ ತಂದೆ ಅನ್ನಬಹುದಿತ್ತು, ಹಾಗಂದುಬಿಟ್ಟರೆ ಆಗ ಯಾಕೆ ಸುಳ್ಳು ಹೇಳಿದೆ ಅನ್ನುತ್ತಾರೆ, ಇನ್ನೇನೇನು ಸುಳ್ಳು ಅನ್ನುತ್ತಾರೆ, ಮಷಿನ್ ಹೋಗುತ್ತದೆ, ಅಬ್ಬಾಗೆ ಕೇಳಿಸಿತು, ಎಲ್ಲ ಕೇಳಿಸಿತು, ಕಂಬಿಯ ಮೇಲಿನ ಬೆರಳು ಬಿಗಿಯಾಯಿತು. ಅಮ್ಮಿ ಶಾವಿಗೆ ಮಾಡಿ ಕಾಯುತ್ತಿರುತ್ತಾರೆ, ಮೊದಲ ಹಿಡಿ ಹಾಕಿದ್ರೇನ್ರಿ ಅಂತ ಅಬ್ಬಾನನ್ನೇ ಕೇಳುತ್ತಾರೆ, ಅಬ್ಬಾ ಹೂಂ ಅನ್ನುತ್ತಾರೆ, ನನಗೋಸ್ಕರ ಅಮ್ಮಿಗೂ ಸುಳ್ಳು ಹೇಳುತ್ತಾರೆ, ಥೂ ನನ್ನ ಜನ್ಮಕ್ಕೆ.

ದೇವರಾಜ ಅರಸು ಬಡಾವಣೆ ಯಾರ್ರಿ, ಕಂಡಕ್ಟರ್ ಕೂಗುತ್ತಿದ್ದಾನೆ, ಸಾಹೇಬರು ಎದ್ದರು, ಬರ್ತೀನಮ್ಮ, ಬರ್ತೀನಿ ಯಜಮಾನ್ರೆ, ಇಳಿದರು, ಬಾಗಿಲು ಮುಚ್ಚಿತು, ಸದ್ಯ, ಮುಗಿಯಿತು, ಇನ್ನು ನಮ್ಮನ್ನು ಬಲ್ಲವರು ಬಸ್ಸಿನಲ್ಲಿ ಯಾರೂ ಇಲ್ಲ, ಅಬ್ಬಾ, ಬರ್ರಿ, ಇಲ್ಲಿ ಕೂಡ್ರಿ, ಎಲ್ಲರಿಗೂ ಕೇಳುವ ಹಾಗೆ ಅಂದೆ, ಅಬ್ಬಾ, ಸೀಟು ಖಾಲಿ ಐತೆ. ಅವರು ತಿರುಗಿದರು, ಸಿಟ್ಟಿಲ್ಲ, ನಗುವೂ ಇಲ್ಲ, ಬ್ಯಾಡ ಬಿಡ್ರಿ ಮೇಡಂ, ಇಲ್ಲೇ ನಿಂತೀನಿ. ಸಾಹೇಬರು ಇಳಿದದ್ದು ನೋಡಲಿಲ್ಲವೇ, ನೋಡಿದರು, ಬರ್ತೀನಿ ಅಂದಾಗ ಅವರಿಗೆ ಸಲಾಮು ಮಾಡಿದರಲ್ಲ, ಹಾಗಾದರೆ ತಮಾಷೆಯೇ, ತಮಾಷೆಗಾದರೂ ಮತ್ತೆ ನನ್ನ ಕಡೆ ನೋಡಬೇಕಿತ್ತಲ್ಲ, ನೋಡುತ್ತಿಲ್ಲ, ಮತ್ತೆ ಯಾರೋ ಹತ್ತಿದರು, ಮುಖ ಮರೆಯಾಯಿತು, ಕೈ ಇದೆ, ಕಂಬಿಯ ಮೇಲೆ, ಕೂದಲಿಲ್ಲದ ಕೈ,