ಯಜಮಾನರು ಎದುರಿಗಿದ್ದರೆ ಮಾತ್ರ

"ಬೀಗದ ಕೈಯಲ್ಲೇ ಏನೋ ಆಗಿದೆ ಅಣ್ಣಾ. ಒಂಚೂರು ಅರದಲ್ಲಿ ಉಜ್ಜಿ ಕೊಡು," ಎಂದು ಗಿರಣಿಯಕ್ಕ ಕೊರಳಿನ ದಾರ ಬಿಚ್ಚಿ ಬೀಗದ ಕೈಯನ್ನು ಹಲಗೆಯ ಮೇಲೆ ಇಟ್ಟಳು. "ಬೆಳಿಗ್ಗೆಯಿಂದ ಒದ್ದಾಡ್ತಿದೀನಿ. ಒಳಗೆ ಹೋಗತ್ತೆ, ತಿರುಗು ಅಂದ್ರೆ ತಿರುಗಲ್ಲ. ಥೇಟ್ ನಮ್ಮತ್ತೆ ಥರ."

ಬೀಗದವನು ನಗಲಿಲ್ಲ. ಪಕ್ಕದಲ್ಲಿ ಕೂತು ಹಳೆಯ ಬೀಗದ ಕೈಗಳನ್ನು ವಿಂಗಡಿಸುತ್ತಿದ್ದ ಅವನ ಹೆಂಡತಿಯೂ ನಗಲಿಲ್ಲ.

"ಏನಣ್ಣಾ, ಐದು ತಿಂಗಳಲ್ಲಿ ನಗೋದೇ ಮರೆತುಬಿಟ್ರಾ ಈ ಪೇಟೆಯವರು?"

ಮರೆತಿರಲಿಲ್ಲ. ಚೆನ್ನಾಗಿಯೇ ನಗುತ್ತಿದ್ದರು. ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಬಂದಿಳಿದ ಈ ಹೆಂಗಸು ತನ್ನ ಹಿಟ್ಟಿನ ಗಿರಣಿಯ ಶಟರಿನ ಮುಂದೆ ನಿಂತು, ಬೀಗದ ಕೈಯನ್ನು ತೂರಿಸಿ, ತೆಗೆದು, ಊದಿ, ಎಣ್ಣೆ ಸವರಿ, ಮತ್ತೆ ತೂರಿಸುತ್ತಿದ್ದುದನ್ನು ಇಡೀ ಪೇಟೆಯೇ ನೋಡಿತ್ತು. ಆ ಎಣ್ಣೆ ಕೊಟ್ಟವನು ಬೀಗದವನ ಎದುರಿನ ಕ್ಷೌರದಂಗಡಿಯವನು. ಎಣ್ಣೆ ಕೊಟ್ಟ, ಕುಡಿಯಲು ನೀರನ್ನೂ ಕೊಟ್ಟ, ಹೇಳಬೇಕಾದ ಒಂದು ಮಾತನ್ನು ಮಾತ್ರ ಕೊಡಲಿಲ್ಲ. ಹನ್ನೆರಡು ವರ್ಷ ಇವಳ ಗಿರಣಿಯ ಹಿಟ್ಟು ತಿಂದವರು ಇವರೆಲ್ಲ. ಒಬ್ಬರಾದರೂ ತುಟಿ ಪಿಟಕ್ಕೆನ್ನಬಾರದೇ? ಏನು ಧಾಡಿ ಬಡಿದಿತ್ತು ಇವರಿಗೆ?

ಐದು ತಿಂಗಳ ಹಿಂದೆ ನಡೆದದ್ದಕ್ಕೆ ಎಲ್ಲರೂ ಸೇರಿ 'ಗಲಾಟೆ' ಎಂದು ಹೆಸರಿಟ್ಟಿದ್ದರು. ಮನೆಗಳು ಸುಟ್ಟಿದ್ದೂ ಗಲಾಟೆ, ಹೆಣಗಳು ಬಿದ್ದದ್ದೂ ಗಲಾಟೆ, ಓಡಿಹೋದವರ ಅಂಗಡಿಯನ್ನು ಬಳಿದುಕೊಂಡದ್ದೂ ಗಲಾಟೆ. ಮಕ್ಕಳು ತರಗತಿಯಲ್ಲಿ ಮಾಡುತ್ತಾರಲ್ಲ, ಅದಕ್ಕೂ ಇದೇ ಹೆಸರು. ಗಿರಣಿಯಕ್ಕ ಶಟರು ಎಳೆದು ಬೀಗ ಹಾಕಿ, ಏಟು ತಿಂದ ಗಂಡನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಉಟ್ಟ ಬಟ್ಟೆಯಲ್ಲೇ ಓಡಿದ್ದಳು. ಅಂದಿನಿಂದ ಪರಿಹಾರ ಶಿಬಿರದಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು.

ಮೂರನೆಯ ವಾರ ರಕ್ಷಣಾ ಸಮಿತಿಯವರು ಬೀಗದವನ ಹತ್ತಿರ ಬಂದರು. ಯಾರ ರಕ್ಷಣೆ, ಯಾವ ಸಮಿತಿ ಎಂದು ಕೇಳುವಷ್ಟು ಎದೆ ಯಾರಿಗೂ ಇರಲಿಲ್ಲ. ಗಿರಣಿ ತೆಗೆದುಕೊಡು ಎಂದರು. ಬೀಗದವನು ತಲೆಯ ಮೇಲೆ ನೇತಾಡುತ್ತಿದ್ದ ಬೋರ್ಡನ್ನು ತೋರಿಸಿದ. 'ಯಜಮಾನರು ಎದುರಿಗಿದ್ದರೆ ಮಾತ್ರ ಬೀಗ ತೆಗೆಯಲಾಗುವುದು.' ಅದು ಅವನ ಅಪ್ಪನ ಕಾಲದಿಂದ ಬಂದ ನಿಯಮ; ಪೊಲೀಸರು ಬಂದಾಗಲೂ ಮುರಿದಿರಲಿಲ್ಲ. ಸಮಿತಿಯ ಮುಖಂಡ ಬೋರ್ಡನ್ನು ಗಟ್ಟಿಯಾಗಿ ಓದಿ, ತನ್ನ ಭಾವಮೈದನ ಬೆನ್ನಿಗೆ ಕೈಹಾಕಿ ಮುಂದಕ್ಕೆ ತಳ್ಳಿದ. "ಯಜಮಾನರು ತಾನೆ? ಇಗೋ, ಎದುರಿಗೇ ನಿಲ್ಲಿಸಿದೀನಿ. ಇನ್ಮೇಲೆ ಇವನೇ." ಎಲ್ಲರೂ ನಕ್ಕರು. ಬೀಗದವನೂ ಒಂದಿಷ್ಟು ಹಲ್ಲು ಕಿರಿದ. ಮನೆಯಲ್ಲಿ ಎರಡು ದಿನದಿಂದ ಒಲೆ ಹೊತ್ತಿರಲಿಲ್ಲ.

ಮುಖಂಡ ಹೊಸ ಬೀಗ ಬೇಡವೆಂದ. ಹೊರಗಿನಿಂದ ನೋಡಿದರೆ ಏನೂ ಬದಲಾಗಿರಬಾರದು. ಹಾಗಾಗಿ ಬೀಗದವನು ಅದೇ ಬೀಗವನ್ನು ಬಿಚ್ಚಿ, ಬೀಗದ ಕೈಯ ಹಲ್ಲಿಗೆ ಹೊಂದುವ ಒಳಗಿನ ಹಿತ್ತಾಳೆಯ ತೆಳು ಪಟ್ಟಿಗಳನ್ನು ಮಾತ್ರ ತೆಗೆದು, ಬೇರೆ ಪಟ್ಟಿಗಳನ್ನು ಕೂರಿಸಿ, ಹೊಸ ಬೀಗದ ಕೈ ಮಾಡಿಕೊಟ್ಟ. ಅಚ್ಚುಕಟ್ಟಾದ ಕೆಲಸ. ಆಮೇಲೆ ಸರ್ಕಾರದ ಅಧಿಕಾರಿ ಬಂದು, ಗೀರಿಲ್ಲದ ಬೀಗ ನೋಡಿ, 'ಹಾನಿ ಇಲ್ಲ' ಎಂದು ಬರೆದುಕೊಂಡು ಹೋದ. ಒಳಗೆ ಗಿರಣಿಯ ಸುತ್ತ ಬೇರೆಯವರ ಮನೆಗಳಿಂದ ದೋಚಿದ ಫ್ಯಾನು, ಬಾಗಿಲು, ಕಿಟಕಿಯ ಚೌಕಟ್ಟುಗಳನ್ನು ಸೂರಿನವರೆಗೆ ಪೇರಿಸಿದ್ದರು.

ಕೂಲಿ ಎಂದು ಒಂದು ಚೀಲ ಹಿಟ್ಟು ಕೊಟ್ಟಿದ್ದರು. ಗಿರಣಿಯೊಳಗೇ ಇದ್ದ ಹಿಟ್ಟು. ಅದು ಮುಗಿದ ಮೇಲೆ ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಹೆಂಡತಿ ಅವನ ಕೂರುವ ಜಾಗಕ್ಕೆ ಹಾಕಿದ್ದಳು. ಈಗ ಅವನು ಕೂತಿದ್ದು ಅದರ ಮೇಲೆಯೇ.

"ತುಕ್ಕು ಹಿಡಿದಿರಬೇಕು," ಎಂದ ಬೀಗದವನು. "ನಾಳೆ ಬಾ, ನೋಡೋಣ."

"ನಾಳೆನಾ? ಶನಿವಾರ ಶಿಬಿರ ಮುಚ್ತಾರಂತೆ. ಅಂಗಡಿ ಸುಟ್ಟೋರಿಗೆ ಪರಿಹಾರ ಕೊಟ್ರು, ನಂಗಿಲ್ಲ. ನಿಂದು ಭದ್ರವಾಗಿದೆ, ಅದೃಷ್ಟವಂತೆ ಕಣಮ್ಮಾ ಅಂದ ಆ ಸಾಹೇಬ." ಅವಳು ಬೋರ್ಡಿನ ಕಡೆ ಕೈ ತೋರಿಸಿದಳು. "ನೀನೇ ಬರೆಸಿದೀಯಲ್ಲ. ಯಜಮಾನಿ ನಿನ್ನೆದುರಿಗೇ ನಿಂತಿದೀನಿ, ನೋಡು. ಏಳಣ್ಣಾ, ಬಂದು ತೆಗೆದುಕೊಡು. ಇವತ್ತೇ ಗುಡಿಸಿ ಇಟ್ರೆ ನಾಡಿದ್ದು ಎಲ್ಲರನ್ನೂ ಕರ್ಕೊಂಡು ಬಂದು ಗಿರಣಿ ಹಿಂದೇನೇ ಮಲಗ್ತೀವಿ."

ಬೀಗದವನು ಹೆಂಡತಿಯ ಮುಖ ನೋಡಿದ.

"ಇವರಿಗೆ ಸೊಂಟ ಹಿಡ್ಕೊಂಡಿದೆ ಅಕ್ಕಾ," ಎಂದಳು ಹೆಂಡತಿ, ಅವಸರದಲ್ಲಿ. "ಏಳೋಕೇ ಆಗ್ತಿಲ್ಲ."

"ಅಯ್ಯೋ, ಮೊದಲೇ ಹೇಳಬಾರದಾ?" ಗಿರಣಿಯಕ್ಕನ ದನಿ ಮೆತ್ತಗಾಯಿತು. ಹಲಗೆ ಸುತ್ತಿಕೊಂಡು ಬಂದು ಕೈ ಚಾಚಿದಳು. ಚೀಲ ಎತ್ತಿ ಎತ್ತಿ ಗಂಟುಗಟ್ಟಿದ ಕೈ. "ನಂಗೂ ಬರ್ತಿತ್ತು. ಕೂತಷ್ಟೂ ಜಾಸ್ತಿ ಅದು. ಕೈ ಹಿಡ್ಕೋ, ಎಬ್ಬಿಸ್ತೀನಿ. ನಿಧಾನಕ್ಕೆ ನಡ್ಕೊಂಡು ಹೋಗೋಣ."

ಅವಳು ಬೈದಿದ್ದರೆ ಅವನು ಹೇಗೋ ಕೂತೇ ಇರುತ್ತಿದ್ದ. ಆ ಕೈಯನ್ನು ನೋಡುತ್ತ ಕೂರಲು ಆಗಲಿಲ್ಲ. ಅದನ್ನು ಹಿಡಿಯದೆ, ಹಲಗೆಗೆ ಆನಿಕೊಂಡು ತಾನೇ ಎದ್ದು ಪಕ್ಕಕ್ಕೆ ಸರಿದು ನಿಂತ.

ಚೀಲದ ಮೇಲೆ ನೀಲಿ ಬಣ್ಣದ ಚಕ್ರ. ಪ್ರತಿ ಚೀಲಕ್ಕೂ ಅವಳ ಗಂಡ ಅಚ್ಚು ಹಾಕುತ್ತಿದ್ದದ್ದು; ಒಂದು ಕಡ್ಡಿ ಮುರಿದ ಚಕ್ರ. ಗಿರಣಿಯಕ್ಕ ಬಗ್ಗಿ ಅದನ್ನು ಎತ್ತಿಕೊಂಡು ಕೊಡವಿದಳು. ಹೊಲಿಗೆಯ ಸಂದಿಯಿಂದ ಸ್ವಲ್ಪ ಹಿಟ್ಟು ಉದುರಿತು. ಸೇರಿನ ಲೆಕ್ಕದಲ್ಲಿ ಹಿಟ್ಟು ಒಯ್ಯುತ್ತಿದ್ದ ಈ ಮನೆಗೆ ಅವಳು ಇಡೀ ಚೀಲ ಎಂದೂ ಕೊಟ್ಟಿರಲಿಲ್ಲ. ಚೀಲ ನೋಡಿದಳು, ಹಲಗೆಯ ಮೇಲಿನ ಬೀಗದ ಕೈ ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಬೀಗ ಕೆಟ್ಟಿಲ್ಲ," ಎಂದಳು.

"ಇಲ್ಲ."

"ತಿಂದ್ರಾ?"

"ತಿಂದ್ವಿ!" ಹೆಂಡತಿ ಕಿರುಚಿಬಿಟ್ಟಳು. "ಮೂರು ವಾರ ಪೇಟೆ ಮುಚ್ಚಿತ್ತು. ಮಣ್ಣು ತಿನ್ನಬೇಕಿತ್ತಾ ನಾವು? ನಾನೇ ಹೋಗಿ ಅಂತ ಕಳಿಸಿದೆ. ಬೈಯೋದಾದ್ರೆ ನನ್ನ ಬೈ!"

"ತಿನ್ನೋದಕ್ಕೆ ಯಾರು ಬೇಡ ಅಂದ್ರು?" ಗಿರಣಿಯಕ್ಕನ ದನಿ ಬೀದಿಗೆಲ್ಲ ಕೇಳುವಂತೆ ಏರಿತು. "ಹಸಿವು ಅಂದಿದ್ರೆ ನಾನೇ ಎತ್ತಿ ಕೊಡ್ತಿರಲಿಲ್ವಾ? ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತು ಬೀಗಕ್ಕೆ ಬೈತಿದ್ದೆನಲ್ಲೋ! ಬೀಗಕ್ಕೆ! ಇಷ್ಟು ಜನ ನೋಡ್ಕೊಂಡು ಕೂತಿದ್ರಿ. ನಾಚಿಕೆ ಆಗಲಿಲ್ವಾ ನಿಮ್ಮ ಮುಖಕ್ಕೆ?"

ಎದುರಿನ ಕ್ಷೌರದಂಗಡಿಯವನು ಪರದೆ ಎಳೆದುಕೊಂಡ.

ಬೀಗದವನಿಗೆ ಸಿಟ್ಟು ನೆತ್ತಿಗೇರಿತು. ಸಮಿತಿಯ ಮೇಲೋ, ಆ ಅಧಿಕಾರಿಯ ಮೇಲೋ, ಅಂದು ಹಲ್ಲು ಕಿರಿದ ತನ್ನ ಬಾಯಿಯ ಮೇಲೋ, ಎಲ್ಲವೂ ಒಟ್ಟಿಗೇ ಬಂತು. ಹಲಗೆಯ ಕೆಳಗಿನ ತಗಡಿನ ಡಬ್ಬಿಯನ್ನು ಎಳೆದು ಸುರಿದ. ತೆಗೆದ ಪಟ್ಟಿಗಳನ್ನು ಅವನು ಎಂದೂ ಎಸೆಯುತ್ತಿರಲಿಲ್ಲ. ಯಾವ ಬೀಗದ್ದು ಅದಕ್ಕೇ ಎಂದು ದಾರ ಕಟ್ಟಿ ಇಡುವುದು ಅಪ್ಪ ಕಲಿಸಿದ ಅಭ್ಯಾಸ. ಗಿರಣಿಯ ಕಟ್ಟು ಸಿಕ್ಕಿತು. ಅದನ್ನೂ ಸ್ಕ್ರೂಡ್ರೈವರನ್ನೂ ಜೇಬಿಗೆ ಹಾಕಿಕೊಂಡ.

"ರೀ," ಹೆಂಡತಿ ಅವನ ತೋಳು ಹಿಡಿದಳು. "ಸಂಜೆ ಆ ಭಾವಮೈದ ಬರ್ತಾನೆ. ನಾಳೆಯಿಂದ ನಮ್ಮನ್ನ ಇಲ್ಲಿ ಕೂರೋಕೆ ಬಿಡ್ತಾರಾ?"

"ಬಿಡಲ್ಲ," ಎಂದು ತೋಳು ಬಿಡಿಸಿಕೊಂಡ.

ಗಿರಣಿಯಕ್ಕ ಮುಂದೆ ನಡೆದಳು, ಬಗಲಲ್ಲಿ ಚೀಲ, ಕೈಯಲ್ಲಿ ಬೀಗದ ಕೈ. ಅವನು ನಾಲ್ಕು ಹೆಜ್ಜೆ ಹಿಂದೆ. ದಾರಿಯುದ್ದಕ್ಕೂ ಬಾಗಿಲುಗಳಲ್ಲಿ ಮುಖಗಳು ಬಂದು ಹೋದವು. ಶಟರಿನ ಮುಂದಿನ ಕಲ್ಲು ಬಿಸಿಲಿಗೆ ಕಾದು ಕೆಂಡವಾಗಿತ್ತು. ಅವಳು ಚೀಲವನ್ನು ಅದರ ಮೇಲೆ ಎಸೆದಳು.

"ಕೂತ್ಕೋ. ಅಭ್ಯಾಸ ಇದೆಯಲ್ಲ."

ಅವನು ಚೀಲವನ್ನು ಎತ್ತಿ, ಮಡಚಿ, ನೆರಳಿದ್ದ ಮೆಟ್ಟಿಲ ಮೇಲೆ ಇಟ್ಟ. ಕಾದ ಕಲ್ಲಿನ ಮೇಲೆ ಮೊಣಕಾಲೂರಿ ಮೊದಲ ಸ್ಕ್ರೂ ಬಿಚ್ಚತೊಡಗಿದ. ಅವಳು ಅವನ ಎದುರಿಗೇ ನಿಂತಿದ್ದಳು.