ಫಿಂಟಾಸ್ ತಂಡದ ಆರು ಅಂಕ

ಕೊಲ್ಲಿ ನಾಡಿನ ಫಿಂಟಾಸ್ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಹುಟ್ಟಿದ್ದು ಫೆಬ್ರವರಿಯಲ್ಲಿ, ಮುಚ್ಚಿದ್ದು ಏಪ್ರಿಲ್‌ನಲ್ಲಿ. ಸಂಬಳ ಕೊಟ್ಟು ಆಡಿಸುವ ತಂಡವೇನೋ ಹೌದು, ಆದರೆ ಆರು ಪಂದ್ಯಗಳಲ್ಲಿ ಒಂದೇ ಒಂದು ಅಂಕವನ್ನೂ ಗಳಿಸಿರಲಿಲ್ಲ. ಏಳನೆಯ ಪಂದ್ಯವೇ ಕೊನೆಯದು ಎಂದು ಮಾಲೀಕ ಹೇಳಿಬಿಟ್ಟಿದ್ದ. ಆ ಕೊನೆಯ ಪಂದ್ಯದಲ್ಲೂ, ಸೊನ್ನೆಯಲ್ಲೇ ಮುಚ್ಚಿಹೋಗುವ ತಂಡದ ಬೆಂಚಿನ ಮೇಲೆ ಕೂತು ಕೂತು ಪ್ರೀತಮನ ಮೈ ಉರಿಯುತ್ತಿತ್ತು. ಮೂಡುಬಿದಿರೆ ಕಡೆಯ ಕಬಡ್ಡಿ ಆಟಗಾರ ಅವನು. ಕೋಚ್ ಎಡ್ವರ್ಡ್ ಅವನಿಂದ ನೀರಿನ ಬಾಟಲಿ ಹೊರಿಸಿದ್ದೇ ಹೆಚ್ಚು.

"ಎಡ್ವರ್ಡಣ್ಣ, ನಲವತ್ತೆರಡು–ಸೊನ್ನೆ ಆಯ್ತು. ಇನ್ನೆಂತ ಹೋಗ್ಲಿಕ್ಕುಂಟು? ಒಮ್ಮೆ ನನ್ನನ್ನು ಇಳಿಸಿ!"

"ಯಲ್ಲಾ, ಹೋಗು ಮಾರಾಯ. ಚೆಂಡು ಹಿಡ್ಕೊಂಡು ಎದುರಿನ ಗೆರೆ ದಾಟು, ಅಷ್ಟೇ."

ಚೆಂಡು ಕೈಗೆ ಬಂತು. ಪ್ರೀತಮ್ ಎದುರಾಳಿಗಳ ನಡುವೆ ನುಗ್ಗಿ ಮೂವರನ್ನು ಮುಟ್ಟಿದ. ಮುಟ್ಟಿದ್ದೇ ತಡ, ಹತ್ತು ವರ್ಷದ ಕಬಡ್ಡಿಯ ಅಭ್ಯಾಸ ಅವನನ್ನು ಗಿರ್ರನೆ ತಿರುಗಿಸಿ ತನ್ನದೇ ಅಂಕಣದತ್ತ ಓಡಿಸಿತು.

"ಆಚೆ ಓಡಾ ಮಂಗ!" ಎಡ್ವರ್ಡ್ ಟೋಪಿಯನ್ನು ನೆಲಕ್ಕೆ ಬಡಿದ. "ಮೂರು ಪಾಯಿಂಟ್ ತಗೊಂಡು ಮನೆಗೆ ಹೋಗ್ಲಿಕ್ಕೆ ಇದು ಕಬಡ್ಡಿಯಾ?"

ಪ್ರೀತಮನಿಗೆ ಎಚ್ಚರವಾಗುವಷ್ಟರಲ್ಲಿ ಎದುರಾಳಿ ತಂಡದ ಹನ್ನೊಂದೂ ಜನ ಅವನನ್ನು ಅಟ್ಟಿಸಿಕೊಂಡು ಬಂದಿದ್ದರು. ಅವನು ದಾಟಬೇಕಿದ್ದ ಗೆರೆಯ ಕಡೆಯ ಮೈದಾನ ಪೂರ್ತಿ ಖಾಲಿ. ಅವನು ಬಗ್ಗಿ, ಒಬ್ಬನ ತೋಳಿನಡಿ ನುಸುಳಿ, ಮತ್ತೆ ತಿರುಗಿ ಓಡಿದ. ಗೆರೆ ದಾಟುವವರೆಗೂ ಹಿಂದೆ ನೋಡಲಿಲ್ಲ. ದಾಟಿದ್ದಕ್ಕೆ ಆರು ಅಂಕ!

ನಲವತ್ತೆರಡು–ಆರರಲ್ಲಿ ಸೋತ ತಂಡ ಪ್ರೀತಮನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಗೆದ್ದವರು ಪೆಚ್ಚಾಗಿ ನಿಂತು, ಗೆದ್ದದ್ದು ತಾವೇ ತಾನೇ ಎಂದು ಅಂಕಗಳ ಫಲಕವನ್ನು ಎರಡೆರಡು ಸಲ ನೋಡಿದರು.