ಮನೆಯಲ್ಲಿ ಬಿಡುವುದಿಲ್ಲ

ಆ ಪ್ರಶ್ನೆ ಕೇಳಿ ಕೇಳಿ ಶಬ್ನಮ್‌ಗೆ ಸಾಕಾಗಿಹೋಗಿತ್ತು. ಮಗಳು ನಹ್ಲಾ ರಜೆಗೆಂದು ದೋಹಾಕ್ಕೆ ಬಂದಿಳಿದ ದಿನದಿಂದ ಅದೊಂದೇ ರಾಗ. ಅನ್ನ ಬಸಿಯುವಾಗ ಹಿಂದೆ ಬಂದು ನಿಂತು, "ಉಮ್ಮ, ನಾನು ಹೋಗ್ಬೇಕಾ, ಬೇಡ್ವಾ?" ಕ್ಲಿನಿಕ್‌ಗೆ ಹೊರಡುವ ಅವಸರದಲ್ಲಿ ಸ್ಕಾರ್ಫಿಗೆ ಪಿನ್ ಚುಚ್ಚಿಕೊಳ್ಳುವಾಗಲೂ ಬಾಗಿಲಿಗೆ ಒರಗಿಕೊಂಡು ಅದೇ ಮಾತು.

ನಹ್ಲಾ ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದಳು. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಕತಾರಿನ ವಾಸದ ಪರವಾನಗಿ ರದ್ದಾಗುತ್ತದೆಂದು ವರ್ಷಕ್ಕೆರಡು ಸಲ ಬಂದು ಹೋಗುವುದು ರೂಢಿ. ಕಾಲೇಜು ಸೇರಿದ ವರ್ಷವೇ ಎನ್‌ಸಿಸಿಗೆ ಹೆಸರು ಕೊಟ್ಟವಳು ಈಗ ಹುಡುಗಿಯರ ತುಕಡಿಗೆ ಮುಂದಾಳು. ಈ ಬಾರಿ ಚೆನ್ನೈಯಲ್ಲಿ, ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಜಾಗದಲ್ಲಿ, ಎರಡು ವಾರದ ತರಬೇತಿಗೆ ಆಯ್ಕೆಯಾಗಿದ್ದಳು. ಇದು ಕಾಲೇಜು ಮೈದಾನದ ಪರೇಡ್ ಅಲ್ಲ. ಸೈನ್ಯದವರೇ ಬೆಳಕು ಹರಿಯುವ ಮೊದಲು ಎಬ್ಬಿಸಿ ಓಡಿಸಿ, ಗೋಡೆ ಹತ್ತಿಸಿ, ಬಂದೂಕು ಹಿಡಿಸುವ ತರಬೇತಿ. ಹೋಗುವುದಾದರೆ ರಜೆಯನ್ನು ಅರ್ಧಕ್ಕೆ ಬಿಟ್ಟು ಜುಲೈಯಲ್ಲೇ ಹೊರಡಬೇಕು. ಹೋಗಲೇಬೇಕೆಂದೇನೂ ಇಲ್ಲ, ಹೋಗದಿದ್ದರೂ ಎನ್‌ಸಿಸಿಯಲ್ಲಿ ಅವಳ ಸ್ಥಾನಕ್ಕೆ ಧಕ್ಕೆಯಿಲ್ಲ. ಕಡ್ಡಾಯವಾಗಿದ್ದರೆ ಎಷ್ಟೋ ವಾಸಿಯಿತ್ತು ಎಂದು ಶಬ್ನಮ್‌ಗೆ ಅನಿಸಿತ್ತು.

ಅವಳು ಮೊದಲ ದಿನವೇ ಹೇಳಿದ್ದಳು, ನಿನಗೆ ಮನಸ್ಸಿದ್ದರೆ ಹೋಗು, ಇಲ್ಲದಿದ್ದರೆ ಬೇಡ ಎಂದು. ಅದು ಉತ್ತರವೇ ಅಲ್ಲವೆಂದು ನಹ್ಲಾ ಮುಖ ಊದಿಸಿದಳು. ಅವಳ ಉಪ್ಪ, ಅಂದರೆ ಅಪ್ಪ ನಿಝಾಮ್, ಕಟ್ಟಡದ ಕಂಪೆನಿಯೊಂದರಲ್ಲಿ ಸೂಪರ್‌ವೈಸರ್. ಊರ ಹೊರಗಿನ ಸೈಟಿನಿಂದ ಅವನು ಮನೆಗೆ ಬರುವುದೇ ವಾರಕ್ಕೆ ಎರಡು ಸಲ. ಫೋನಿನಲ್ಲಿ ಕೇಳಿದರೆ, ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದಿನ ನಡುವೆ, ಉಮ್ಮನ ಹತ್ತಿರ ಕೇಳು ಎಂದು ಇಟ್ಟುಬಿಟ್ಟ. ಮುಐದರ್ ಬಡಾವಣೆಯ ಅವರ ವಿಲ್ಲಾದಲ್ಲಿ ಪಕ್ಕದ ಪೋರ್ಷನ್ನಿನ ಮೈಸೂರಿನ ಇಂದಿರಮ್ಮನನ್ನೂ ನಹ್ಲಾ ಬಿಡಲಿಲ್ಲ. ಆಕೆ ಸಂತೋಷದಿಂದ ದಾರಿಗೆಂದು ಒಂದು ಡಬ್ಬಿ ಕೋಡುಬಳೆಯನ್ನೇ ಕಟ್ಟಿಕೊಟ್ಟರು.

ಉಳಿದವರು ಶಬ್ನಮ್‌ನ ಅಣ್ಣ ಅಬ್ಬಾಸ್. ಸೂಕ್ ವಾಕಿಫ್ ಎಂಬ ಹಳೇ ಪೇಟೆಯಲ್ಲಿ ಅತ್ತರಿನ ಅಂಗಡಿ. ನಮಾಝು, ನಡತೆ, ಹೆಣ್ಣುಮಕ್ಕಳ ಸಮಾಚಾರ ಎಂದರೆ ಕುಟುಂಬದಲ್ಲಿ ಎಲ್ಲರೂ ಅವರಿಗೆ ಹೆದರುತ್ತಿದ್ದರು. ಶುಕ್ರವಾರ ಊಟಕ್ಕೆ ಬಂದಾಗ ನಹ್ಲಾ ತಾನಾಗಿಯೇ ವಿಷಯ ತೆಗೆದಳು. ಗಂಡಸರೂ ಇರುತ್ತಾರೆ, ಪ್ಯಾಂಟು ಹಾಕಿಕೊಂಡು ಓಡಬೇಕು, ಎಂದು ಯಾರೂ ಕೇಳದಿದ್ದರೂ ಸೇರಿಸಿದಳು. ಶಬ್ನಮ್ ಅವಸರದಿಂದ ಅಣ್ಣನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು. ಅಬ್ಬಾಸ್ ಮುಳ್ಳು ಬಿಡಿಸಿ ತಟ್ಟೆಯಂಚಿಗೆ ಇಟ್ಟರು. ಆಮೇಲೆ, ಹರೆಯದಲ್ಲಿ ತಾನೂ ಸೈನ್ಯಕ್ಕೆ ಸೇರಲು ಹೋಗಿ ಸಾಲಿನಲ್ಲಿ ನಿಂತದ್ದು, ಓಟದಲ್ಲಿ ಗೆದ್ದೂ ಪಾದ ಚಪ್ಪಟೆ ಎಂದು ವಾಪಸು ಕಳಿಸಿದ್ದು, ಅದನ್ನು ಇದುವರೆಗೆ ಯಾರಿಗೂ ಹೇಳದೆ ಇದ್ದದ್ದು, ಎಲ್ಲವನ್ನೂ ಬಿಚ್ಚಿಟ್ಟರು. "ಹೋಗು ಮಗಳೇ, ಒಳ್ಳೆ ಶೂ ನಾನು ತೆಗೆದುಕೊಡ್ತೇನೆ" ಎಂದರು.

ಮಗಳ ಮುಖ ಇಳಿದುಹೋದದ್ದನ್ನು ಶಬ್ನಮ್ ಗಮನಿಸಿದಳು. ಸಂತೋಷಪಡಬೇಕಾದ ಮಾತಿಗೆ ಇದೇಕೆ ಹೀಗೆ ಎಂದು ಅರ್ಥವಾಗಲಿಲ್ಲ.

ಅರ್ಥವಾದದ್ದು ಭಾನುವಾರ. ಅವಳು ಒಂದು ದಂತ ಚಿಕಿತ್ಸಾಲಯದಲ್ಲಿ ರಿಸೆಪ್ಷನಿಸ್ಟ್. ಕೌಂಟರಿನ ಮುಂದೆ ಕೆನ್ನೆ ಹಿಡಿದುಕೊಂಡವರ ಸಾಲು ಇದ್ದಾಗಲೇ ಇಂಡಿಯಾದ ನಂಬರಿನಿಂದ ಫೋನು ಬಂತು. ಕಾಲೇಜಿನಲ್ಲಿ ಎನ್‌ಸಿಸಿ ನೋಡಿಕೊಳ್ಳುವ ಹಿಲ್ಡಾ ಮೇಡಂ. ಬಹಳ ಮೆದುವಾಗಿ, ಬಹಳ ಮರ್ಯಾದೆಯಿಂದ, ಎಳೆಯ ಮಗುವಿಗೆ ಔಷಧಿ ಕುಡಿಸುವವರಂತೆ ಮಾತು ಶುರುಮಾಡಿದರು. ನಿಮ್ಮ ಸಂಪ್ರದಾಯ ನನಗೆ ಅರ್ಥವಾಗುತ್ತದೆ, ಆದರೆ ಕಾಲ ಬದಲಾಗಿದೆ, ಹುಡುಗಿಯರಿಗೆ ಬೇರೆಯೇ ವಸತಿ ಇದೆ, ಜೊತೆಗೆ ಮಹಿಳಾ ಅಧಿಕಾರಿಯೂ ಇರುತ್ತಾರೆ, ದಯವಿಟ್ಟು ಮಗಳ ರೆಕ್ಕೆ ಕತ್ತರಿಸಬೇಡಿ.

"ನಾನು ಬೇಡ ಅಂದೆ ಅಂತ ಯಾರು ಹೇಳಿದ್ದು ಮೇಡಂ?" ಎಂದು ಕೇಳಿದಳು ಶಬ್ನಮ್.

"ನಹ್ಲಾನೇ ಮೆಸೇಜ್ ಹಾಕಿದ್ದಾಳೆ, ಮನೆಯಲ್ಲಿ ಬಿಡುವುದಿಲ್ಲ ಅಂತ. ಪಾಪ, ಅತ್ತಿರಬೇಕು."

ಶಬ್ನಮ್‌ನ ಕಿವಿ ಬಿಸಿಯಾಯಿತು. ಇದೇ ದೋಹಾದಲ್ಲಿ ಮೂರು ಸಲ ಫೇಲಾಗಿಯೂ ಬಿಡದೆ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡವಳು ಅವಳು. ಕುಟುಂಬದಲ್ಲಿ ಮದುವೆಯಾದ ಮೇಲೆ ಕೆಲಸಕ್ಕೆ ಹೊರಟ ಮೊದಲ ಹೆಂಗಸು. ಮಗಳು ಮಂಗಳೂರಿನಲ್ಲಿ ಒಬ್ಬಳೇ ಇರುತ್ತೇನೆಂದಾಗ ಬಂಧುಗಳ ಬಾಯಿ ಮುಚ್ಚಿಸಿದವಳೂ ಅವಳೇ. ಈಗ ಸಾವಿರಾರು ಮೈಲಿ ದೂರದಲ್ಲಿ ಯಾರೋ ಮೇಡಂ ಅವಳಿಗೆ ಹೆಣ್ಣುಮಕ್ಕಳನ್ನು ಬೆಳೆಸುವ ಬಗ್ಗೆ ಪಾಠ ಹೇಳುತ್ತಿದ್ದರು. ನಿಜ ಹೇಳಿಬಿಡಬಹುದಿತ್ತು. ಆದರೆ ಮಗಳನ್ನು ಸುಳ್ಳಿಯೆಂದು ಅವಳ ಮೇಡಂ ಮುಂದೆ ನಿಲ್ಲಿಸುವುದಕ್ಕೆ ನಾಲಗೆ ಏಳಲಿಲ್ಲ. ಇವತ್ತೇ ತಿಳಿಸುತ್ತೇವೆ ಮೇಡಂ ಎಂದಷ್ಟೇ ಹೇಳಿ ಇಟ್ಟಳು.

ಸಂಜೆ ನಹ್ಲಾ ಅಬ್ಬಾಸ್ ಮಾಮನ ಅಂಗಡಿಯಲ್ಲಿದ್ದಳು. ಶಬ್ನಮ್ ಅಲ್ಲಿಗೇ ಹೋಗಿ ಅವಳನ್ನು ಕಾರಿಗೆ ಹತ್ತಿಸಿಕೊಂಡಳು. ಮುಐದರಿನ ದಾರಿ ತುಂಬ ಗಾಡಿಗಳು. ಮಗಳು ಸೀಟ್‌ಬೆಲ್ಟ್ ಹಾಕಿಕೊಂಡವಳೇ, "ಉಮ್ಮ, ಮಾಮ ಹೇಳಿದ್ದು ಬಿಡಿ. ನಿಜ ಹೇಳಿ, ನಾನು ಹೋಗುದಾ?" ಎಂದು ಮತ್ತೆ ಅದೇ ರಾಗ ತೆಗೆದಳು.

ಶಬ್ನಮ್ ಒಂದು ಕೆಫೆಟೇರಿಯಾದ ಮುಂದೆ ಕಾರು ನಿಲ್ಲಿಸಿ, ಹಾರ್ನ್ ಹೊಡೆದು ಕರೆದ ಹುಡುಗನಿಗೆ ಎರಡು ಗಟ್ಟಿ ಕರಕ್ ಚಹಾ ಹೇಳಿ, ಆಮೇಲೆ ಮಗಳ ಕಡೆ ತಿರುಗಿದಳು.

"ಹಿಲ್ಡಾ ಮೇಡಂ ಫೋನ್ ಮಾಡಿದ್ರು. ಮಗಳ ರೆಕ್ಕೆ ಕತ್ತರಿಸ್ಬೇಡಿ ಅಂದ್ರು ನಂಗೆ."

ನಹ್ಲಾ ಚಹಾ ಬಂದರೂ ಮುಟ್ಟಲಿಲ್ಲ. ನಂತರ ಒಂದೊಂದೇ ಹೊರಬಂತು. ಎನ್‌ಸಿಸಿ ಸೇರಿದ್ದು ರೂಮ್‌ಮೇಟ್ ಸೇರಿದಳೆಂದು. ಪರೇಡ್ ಇಷ್ಟವಾಯಿತು, ಅದು ನಿಜ. ಆದರೆ ಈಗ ಆಯ್ಕೆಯಾದದ್ದೇ ತಡ, ಎಲ್ಲರೂ ಅವಳನ್ನು ಮುಂದಿನ ಲೆಫ್ಟಿನೆಂಟ್ ಎಂದೇ ಕರೆಯುತ್ತಿದ್ದಾರೆ. ಹೋಗಿ ಬಂದರೆ ಸೈನ್ಯಕ್ಕೇ ಸೇರಬೇಕೆನ್ನುತ್ತಾರೆ. ಸೇರಲು ಇಷ್ಟವೋ ಅಲ್ಲವೋ ಅವಳಿಗೇ ಗೊತ್ತಿಲ್ಲ. ಹೋದ ವರ್ಷದ ಶಿಬಿರದಲ್ಲಿ ಗೋಡೆಯ ಮೇಲೆ ಹತ್ತಿ ಕೂತವಳು ಕೆಳಗೆ ಹಾರಲಾಗದೆ, ಎಲ್ಲರ ಎದುರು ಏಣಿ ತರಿಸಿಕೊಂಡು ಇಳಿದಿದ್ದಳಂತೆ. ಹೆದರಿಕೆ ಎಂದು ಹೇಳಿಕೊಳ್ಳಲು ನಾಚಿಕೆ. ಮನೆಯಲ್ಲಿ ಬಿಡುವುದಿಲ್ಲ ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ನಮ್ಮವರ ಮನೆಯೆಂದರೆ ಎಲ್ಲರೂ ತಕ್ಷಣ ನಂಬುತ್ತಾರೆ.

ಆ ಕೊನೆಯ ಮಾತೇ ಶಬ್ನಮ್‌ಗೆ ಚುಚ್ಚಿತು.

"ಹೌದು, ನಂಬ್ತಾರೆ," ಎಂದಳು. "ಅದಕ್ಕೇ ಹೇಳುದು. ನಿಂಗೆ ಹೆದರಿಕೆ ಆದ್ರೆ ಹೆದರಿಕೆ ಅಂತ ಹೇಳು. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು. ನನ್ನನ್ನು ಮಾತ್ರ ಅಡ್ಡ ಇಡ್ಬೇಡ. ಇಷ್ಟು ವರ್ಷ ನಾನು ಯಾರಿಗೂ ಅಡ್ಡ ನಿಂತವಳಲ್ಲ."

ನಹ್ಲಾ ಅತ್ತಳು. ಶಬ್ನಮ್ ಸಮಾಧಾನ ಮಾಡಲಿಲ್ಲ, ಟಿಶ್ಯೂ ಡಬ್ಬಿಯನ್ನು ಅವಳ ಮಡಿಲಿಗೆ ಹಾಕಿದಳು ಅಷ್ಟೆ. ಕೊನೆಗೆ ಹುಡುಗಿ ಮೇಡಂಗೆ ಕರೆ ಮಾಡಲು ಫೋನು ಹಿಡಿದು ಹೊರಗಿಳಿದಳು. ಸೂರ್ಯ ಮುಳುಗಿದ್ದರೂ ಹೊರಗೆ ಒಲೆಯ ಬಾಯಿಯಂಥ ಸೆಖೆ. ಗಾಜಿನಾಚೆ ಮಗಳು ಅತ್ತಿಂದಿತ್ತ ನಡೆಯುವುದನ್ನು ಶಬ್ನಮ್ ನೋಡುತ್ತ ಕೂತಳು. ಹೋಗು ಎಂದು ಕಿರುಚಬೇಕೆನಿಸಿತು. ಮಗಳು ಹೋಗಬೇಕೆಂಬ ಆಸೆ ತನಗೇ ಇತ್ತು, ಮೊದಲ ದಿನದಿಂದಲೂ ಇತ್ತು. ಆದರೆ ಅದನ್ನು ಹೇಳಿದರೆ ನಾಳೆ ಉಮ್ಮ ಕಳಿಸಿದಳು ಎಂದಾಗುತ್ತದೆ. ಹಲ್ಲು ಕಚ್ಚಿ ತಣ್ಣಗಾದ ಚಹಾ ಕುಡಿದಳು.

ನಹ್ಲಾ ಬೆವರಿ ಒದ್ದೆಯಾಗಿ ಒಳಗೆ ಬಂದಳು. ಮೇಡಂ ತುಂಬ ಹೊತ್ತು ಬೈದರಂತೆ. ಆಮೇಲೆ, ಮನಸ್ಸಿಲ್ಲದಿದ್ದರೆ ಬೇಡ, ನಿನ್ನ ಬದಲು ತುಕಡಿಯ ರಕ್ಷಿತಾಳನ್ನು ಕಳಿಸುತ್ತೇನೆ ಎಂದರಂತೆ.

"ರಕ್ಷಿತಾ, ಉಮ್ಮ! ಅವಳಿಗೆ ಎಡಗಾಲು ಯಾವುದು ಬಲಗಾಲು ಯಾವುದು ಗೊತ್ತಿಲ್ಲ. ಅವಳ ಹೆಸರು ಕೇಳಿ ನಂಗೆ ಹೊಟ್ಟೆ ಉರಿದುಹೋಯ್ತು. ನಾನೇ ಹೋಗ್ತೇನೆ ಅಂದೆ."

ಇಷ್ಟೆಲ್ಲ ರಗಳೆಯನ್ನು ಕೊನೆಗೆ ಬಗೆಹರಿಸಿದ್ದು ಇದು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಶಬ್ನಮ್ ಕಾರು ಸ್ಟಾರ್ಟ್ ಮಾಡಿದಳು.

ಮನೆಗೆ ಬಂದರೆ ನಿಝಾಮ್ ಸೈಟಿನಿಂದ ಬಂದಿದ್ದ. ಸ್ನಾನ ಮಾಡಿ, ಶುಭ್ರ ಲುಂಗಿ ಉಟ್ಟು, ಸೋಫಾದಲ್ಲಿ ಬಹಳ ಗಂಭೀರನಾಗಿ ಕೂತಿದ್ದ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡ.

"ನಾನು ಯೋಚನೆ ಮಾಡಿದೆ," ಎಂದ. "ಹೋಗುದು ಬೇಡ. ಚೆನ್ನೈಯಲ್ಲಿ ಬಿಸಿಲು ಜಾಸ್ತಿಯಂತೆ."

ಮಧ್ಯಾಹ್ನದ ಬಿಸಿಲಿಗೆ ಸೈಟಿನ ಕೆಲಸವನ್ನೇ ನಿಲ್ಲಿಸುವ ಊರಿನಲ್ಲಿ ಇಪ್ಪತ್ತು ವರ್ಷ ಕಳೆದ ಮನುಷ್ಯ ಈ ಮಾತು ಹೇಳಿದ. ಶಬ್ನಮ್‌ಗೆ ಬಾಯಿಯವರೆಗೆ ಬಂದದ್ದನ್ನು ನುಂಗಿಕೊಳ್ಳುವುದು ಕಷ್ಟವಾಯಿತು. ಆದರೂ ನುಂಗಿದಳು. ಯಾಕೆಂದರೆ ಮಗಳು ಇಷ್ಟು ದಿನ ಹುಡುಕುತ್ತಿದ್ದ ಬೇಡ ಎಂಬ ಮಾತು ಈಗ ಅವಳ ಮಡಿಲಿಗೇ ಬಂದು ಬಿದ್ದಿತ್ತು. ಎತ್ತಿಕೊಳ್ಳುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು.

ನಹ್ಲಾ ಒಮ್ಮೆ ಉಮ್ಮನ ಮುಖ ನೋಡಿದಳು. ಶಬ್ನಮ್ ಎದ್ದು ಅಡುಗೆಮನೆಗೆ ಹೋಗಿ, ಬೇಕೆಂದೇ ಸದ್ದು ಮಾಡುತ್ತ ತಟ್ಟೆಗಳನ್ನು ಜೋಡಿಸತೊಡಗಿದಳು.

"ಉಪ್ಪ, ನಾನು ಹೋಗ್ತೇನೆ ಅಂತ ಹೇಳಿ ಆಯ್ತು," ಎನ್ನುವುದು ಹಾಲಿನಿಂದ ಕೇಳಿಸಿತು. "ನೀವು ಟಿಕೆಟ್ ಮಾಡಿಸಿ."

ನಿಝಾಮ್ ಮತ್ತೂ ಏನೋ ಗೊಣಗಿದ. ತನ್ನನ್ನು ಯಾರೂ ಕೇಳುವುದಿಲ್ಲ ಎಂದ. ಫೋನಿನಲ್ಲಿ ಕೇಳಿದ್ದೆನಲ್ಲ, ನೀವೇ ಉಮ್ಮನ ಹತ್ತಿರ ಕೇಳು ಅಂದಿರಿ ಎಂದು ನಹ್ಲಾ ನೆನಪಿಸಿದಳು. ಊಟ ಮುಗಿಯುವ ಹೊತ್ತಿಗೆ ಅವನು ಫೋನಿನಲ್ಲಿ ಟಿಕೆಟ್ ಹುಡುಕುತ್ತಿದ್ದ.

ಜುಲೈಯಲ್ಲಿ ಹುಡುಗಿ ಹೋದಳು. ಅಲ್ಲಿ ಫೋನು ಕೊಡುವುದು ಭಾನುವಾರ ಮಾತ್ರ. ಸಿಕ್ಕ ಸಮಯವನ್ನೆಲ್ಲ ಅವಳು ದೂರಿಗೇ ಖರ್ಚು ಮಾಡಿದಳು. ಕಾಲಿನ ಗುಳ್ಳೆ, ಉಪ್ಪಿಲ್ಲದ ಸಾಂಬಾರು, ಹಗಲಿಡೀ ಕೂಗಾಡುವ ಹವಾಲ್ದಾರ. ಗೋಡೆಯಿಂದ ಹಾರಿದ್ದನ್ನು ಮಾತಿನ ನಡುವೆ, ಅದೇನೂ ದೊಡ್ಡ ವಿಷಯವಲ್ಲವೆಂಬಂತೆ ಹೇಳಿದಳು. ಎರಡನೇ ಸಲಕ್ಕೆ ಹಾರಿದ್ದಂತೆ, ಮೊದಲ ಸಲ ಯಾರೋ ತಳ್ಳಿದ್ದಂತೆ.

ಹಾಗಾದರೆ ಸೈನ್ಯಕ್ಕೆ ಸೇರುತ್ತೀಯಾ ಎಂದು ಶಬ್ನಮ್ ತಡೆಯಲಾಗದೆ ಕೇಳಿಯೇಬಿಟ್ಟಳು.

"ಅದನ್ನು ಈಗ ಕೇಳ್ಬೇಡಿ ಉಮ್ಮ, ನಂಗೇ ಗೊತ್ತಿಲ್ಲ," ಎಂದಳು ನಹ್ಲಾ. ಆಮೇಲೆ, "ನಿಮಗೆ ಎಂತ ಅನಿಸ್ತದೆ?" ಎಂದಳು.

ಶಬ್ನಮ್ ಆ ಪ್ರಶ್ನೆಗೆ ಸಿಕ್ಕಿಕೊಳ್ಳದೆ, ಗುಳ್ಳೆಗೆ ಹಚ್ಚಲು ಮುಲಾಮು ಇದೆಯಾ ಎಂದು ಕೇಳಿದಳು.